ಬೆಳಗಾವಿ ಕಡೆಯ ಒಂದು ಮಹಿಳಾ ಸಂಘದಿಂದ ಕೌದಿ ತರಿಸಿದ್ವಿ, ಅದರ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಕೌದಿ (ಹಳೇ ಸೀರೆ ಪದರ ಹೊಲಿದ ಹೊದಿಕೆ) ಭಾಳ ಚೆನ್ನಾಗಿದೆ, ತಗೊಳ್ಳಿ. ಕೈಗೆ ಬರೋದು ತಡ ಆಗುತ್ತೆ, ಕೇಳಿದ ಬಣ್ಣನೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ದೊಡ್ಡ ಸೈಜಿಂದು ಒಗೆದು ಹಿಂಡೋಕೆ ಇಬ್ಬರು ಬೇಕು. ಇಷ್ಟು ತಿಳ್ಕೊಂಡು ತಗೊಂಡ್ರೆ ಬೇಜಾರಾಗಲ್ಲ.

ಹೊಲಿಯೋರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯ ಹೆಣ್ಮಕ್ಕಳು. ಹೆಚ್ಚಿನೋರಿಗೆ ಬುದ್ಧಿ ತಿಳಿಯೋಕೆ ಮುಂಚೆನೇ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದ್ರು, ಅಂದ್ರೆ ದೇವದಾಸಿ ಮಾಡಿ ಬಿಟ್ಟಿದ್ರು, ಅವರಲ್ಲಿ ಕೆಲವರು ಆಮೇಲೆ ಸಾಂಗಲಿ, ಪುಣೆ, ಮುಂಬೈ ಅಂತ ಮೈ ಮಾರೋ ದಂಧೆಗೆ ಹೋಗಿ ಎಷ್ಟೋ ವರ್ಷ ಆದ್ಮೇಲೆ ವಾಪಸ್ ಬಂದೋರು. ಸಂಘದ ಹೆಸರು, ಊರ ಹೆಸರು ಇಲ್ಲಿ ಹಾಕ್ತಿಲ್ಲ, ಅವರೇ ಬೇಡ ಅಂದ್ರು. ಮನೇಲಿ ಕಾಲೇಜಿಗೆ ಹೋಗೋ ಮಕ್ಕಳಿದ್ದಾರೆ, ಒಬ್ಬರ ಮನೇಲಿ ಮಗಳಿಗೆ ಗಂಡು ನೋಡೋ ಮಾತು ನಡೀತಿದೆ, ಕೌದಿ ಮಾರಾಟ ಆಗಲಿ ಅಂತ ಅವರ ಹಳೇ ಕಥೆನ ಊರೆಲ್ಲಾ ತಿರುಗಿಸೋದು ಬೇಡ. ನನಗದು ಪೂರ್ತಿ ಸರಿ ಅನ್ನಿಸ್ತು.

ಇವರು ನನಗೆ ಸಿಕ್ಕಿದ್ದು ಬೆಂಗಳೂರಲ್ಲಿ ನಡೆದ ಸ್ವಸಹಾಯ ಸಂಘಗಳ ಮೇಳದಲ್ಲಿ. ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಸ್ಟಾಲ್‌ಗಳ ಮಧ್ಯ ಒಂದು ಮೂಲೆ, ಫ್ಯಾನೂ ಇಲ್ಲ. ತಂಗಿಗೆ ಹೆರಿಗೆ ಹತ್ರ ಬಂದಿತ್ತು, ನಮ್ಮ ಧಾರವಾಡದ ಕಡೆ ಕೂಸಿಗೆ ಹಳೇ ಮೆತ್ತನೆ ಸೀರೆದೇ ಕೌದಿ ಆಗಬೇಕು, ಅಂಗಡಿಯ ಬ್ಲಾಂಕೆಟ್ ತಂದ್ರೆ ನಮ್ಮವ್ವ ಒಪ್ಪೋದಿಲ್ಲ, ಕೂಸು ಬೆವರ್ತದ, ಮೈ ಮ್ಯಾಲ ಗುಳ್ಳಿ ಏಳ್ತಾವ ಅಂತಾಳೆ. ಮೊದಲಾಗಿದ್ರೆ ಅವಳೇ ಹೊಲೀತಿದ್ಲು, ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ. ಅದಕ್ಕೆ ಎರಡು ಕೂಸಿನ ಕೌದಿ ಅಲ್ಲೇ ತಗೊಂಡ್ವಿ, ಒಂದು ಡಬಲ್ ಕಾಟ್ ಸೈಜಿಂದು ಆರ್ಡರ್ ಕೊಟ್ವಿ.

ಈಗ ಮಾಲಿನ ವಿಷಯ. ಕೌದಿ ಬಳಸಿ ಗೊತ್ತಿಲ್ಲದೋರಿಗೆ ಹೇಳ್ತೀನಿ, ಹಳೇ ಕಾಟನ್ ಸೀರೆ, ಧೋತರ ಪದರ ಪದರ ಹಾಸಿ, ಮೇಲಿನ ಪದರಕ್ಕೆ ಬಣ್ಣಬಣ್ಣದ ತುಂಡು ಹಚ್ಚಿ, ಅಂಚಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನ ತನಕ ಕೈಯಲ್ಲೇ ಹೊಲಿಗೆ ಹಾಕ್ಕೊಂಡು ಹೋಗೋದು. ಹತ್ತಿ ಗಿತ್ತಿ ಏನೂ ತುಂಬಲ್ಲ, ಬಟ್ಟೆನೇ ಎಲ್ಲಾ. ಬೇಸಿಗೇಲಿ ಕೆಳಗೆ ಹಾಸ್ಕೋಬಹುದು, ಚಳೀಲಿ ಹೊದ್ಕೋಬಹುದು. ಕೌದಿ ಚೆನ್ನಾಗಿದೆಯೋ ಇಲ್ಲವೋ ನೋಡೋಕೆ ನಮ್ಮವ್ವ ಹೇಳೋದು ಒಂದೇ, ತಿರುವಿ ಹಿಂದ್ಗಡೆ ನೋಡು ಅಂತ. ಮುಂದ್ಗಡೆ ಬಣ್ಣದ ತ್ಯಾಪಿ ಹಚ್ಚಿ ಯಾರು ಬೇಕಾದ್ರೂ ಮೋಸ ಮಾಡಬಹುದು, ಹಿಂದ್ಗಡೆ ಹೊಲಿಗೆ ಸಾಲು ಸುಳ್ಳು ಹೇಳಲ್ಲ. ಇವರದ್ದು ಹಿಂದ್ಗಡೆ ಸಾಲು ನೇರ ಇದೆ, ಹೊಲಿಗೆ ಸಣ್ಣ ಇದೆ, ದಾರದ ಗಂಟು ಪದರದೊಳಗೆ ಸೇರಿಸಿದ್ದಾರೆ, ಕೂಸಿನ ಮೈಗೆ ಚುಚ್ಚಲ್ಲ. ಅವ್ವ ಕನ್ನಡಕ ಹಾಕ್ಕೊಂಡು ಬೆರಳಾಡಿಸಿ ನೋಡಿ "ಕೈ ಪಳಗಿದ್ದೈತಿ" ಅಂದ್ಲು, ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬರಲ್ಲ.

ದೊಡ್ಡದ್ರಲ್ಲಿ ಇಳಕಲ್ ಸೀರೆ ಸೆರಗಿನ ತುಂಡುಗಳಿವೆ, ಗುಳೇದಗುಡ್ಡದ ಖಣದ ತುಂಡುಗಳನ್ನ ಮೂಲೆ ಮೂಲೆಗೆ ಹಚ್ಚಿದ್ದಾರೆ, ನಡುವೆ ಒಂದು ಹಸಿರು ಚೌಕಟ್ಟು. ನಾವು ಕೇಳಿದ್ದು ನೀಲಿ. ಆದ್ರೆ ನೀಲಿ ಸೀರೆ ಆಗ ಅವರ ಹತ್ರ ಬಂದಿರಲಿಲ್ಲ, ಇದ್ದಿದ್ರಲ್ಲಿ ಮಾಡಿದ್ರು. ಫೋನ್ ಮಾಡಿ ಒಂದು ಮಾತು ಹೇಳಬೇಕಿತ್ತು ಅಂತ ನಾನು ಅವರಿಗೆ ಹೇಳಿದೆ, ಅವರೂ ಒಪ್ಪಿದ್ರು. ಮೊದಲ ಸಲ ಒಗೆದಾಗ ಕೆಂಪು ತುಂಡಿನ ಬಣ್ಣ ಸ್ವಲ್ಪ ಬಿಡ್ತು, ಪಕ್ಕದ ಬಿಳಿ ತುಂಡಿಗೆ ಗುಲಾಬಿ ಕಲೆ ಆಯ್ತು. ವಾಷಿಂಗ್ ಮಷಿನ್‌ಗೆ ಕೂಸಿನ ಸೈಜಿಂದು ಹಾಕಬಹುದು, ದೊಡ್ಡದು ಹಾಕಬೇಡಿ, ನೀರು ಕುಡಿದ್ರೆ ಹೇಳೋಕಾಗದಷ್ಟು ಭಾರ ಆಗುತ್ತೆ. ವಾಸನೆ ಏನೂ ಇರಲಿಲ್ಲ, ಸೀರೆಗಳನ್ನ ಕುದಿಯೋ ನೀರಲ್ಲಿ ಹಾಕಿ ಒಣಗಿಸಿನೇ ಹೊಲಿಗೆಗೆ ತಗೊಳ್ಳೋದು ಅಂತ ಹೇಳಿದ್ರು, ನಂಬಬಹುದು.

ರೇಟು ಕೂಸಿಂದು 650, ದೊಡ್ಡದು 2,800. ದುಬಾರಿ ಅನ್ನೋರು ಇದ್ದಾರೆ, ನಮ್ಮ ಮನೇಲೇ ಇದ್ದಾರೆ. ಆದ್ರೆ ಒಂದು ದೊಡ್ಡ ಕೌದಿ ಇಬ್ಬರು ಕೂತು ವಾರಗಟ್ಟಲೆ ಹೊಲಿಯೋ ಕೆಲಸ, ಬಟ್ಟೆ ಹಳೇದು ಅಂತ ಕೂಲಿನೂ ಹಳೇ ರೇಟಲ್ಲಿ ಕೊಡೋಕಾಗಲ್ಲ ಅಲ್ವಾ. ಬೆಂಗಳೂರಿನ ಒಂದು ದೊಡ್ಡ ಅಂಗಡೀಲಿ ಇಂಥದ್ದೇ ಕೌದಿಗೆ ಇದರ ಮೂರು ಪಟ್ಟು ಹಾಕಿದ್ರು, ಹಿಂದ್ಗಡೆ ತಿರುವಿ ನೋಡಿದ್ರೆ ಅರ್ಧ ಮಷಿನ್ ಹೊಲಿಗೆ. ಜೊತೆಗೆ ಒಂದು ಕಾರ್ಡು, ಅದ್ರಲ್ಲಿ ಒಬ್ಬ ಹೆಂಗಸಿನ ಫೋಟೊ, ಆಕೆ ಎಷ್ಟು ವಯಸ್ಸಿಗೆ ಮಾರಾಟ ಆದ್ಲು, ಯಾವ ಗಲ್ಲಿಲಿದ್ಲು, ಹೆಂಗೆ "ಪಾರಾದ್ಲು" ಅಂತ ಎರಡು ಪ್ಯಾರಾ. ಓದಿ ನನಗೆ ಮೈಯೆಲ್ಲಾ ಉರೀತು. ಆ ಹೆಂಗಸಿಗೆ ಮಗ ಇದ್ರೆ, ಸೊಸೆ ಬಂದಿದ್ರೆ, ಅವರ ಕೈಗೆ ಈ ಕಾರ್ಡು ಸಿಕ್ರೆ ಏನು ಗತಿ. ಈ ಸಂಘದ ಕೌದಿ ಜೊತೆ ಬರೋದು ಒಂದು ಸಣ್ಣ ಚೀಟಿ, ಹೆಂಗೆ ಒಗೀಬೇಕು, ಎಲ್ಲಿ ಒಣಗಿಸಬೇಕು ಅಷ್ಟೇ. ಈ ಒಂದು ಕಾರಣಕ್ಕೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ. ಹಾಗಂತ ಮರುಕದಿಂದ ಕೊಟ್ಟ ಸ್ಟಾರ್ ಒಂದೂ ಇಲ್ಲ ಇದರಲ್ಲಿ. ಕೌದಿಗೆ ನಾಲ್ಕೂವರೆ, ಡೆಲಿವರಿಗೆ ಎರಡು.

ಡೆಲಿವರಿ ಬಗ್ಗೆ ಹೇಳಲೇಬೇಕು. ಹೇಳಿದ ಟೈಮಿಗೆ ದೊಡ್ಡ ಕೌದಿ ಬರಲಿಲ್ಲ, ಫೋನ್ ಮಾಡಿದ್ರೆ ನಾಳೆ ಕಳಿಸ್ತೀವ್ರಿ ಅನ್ನೋರು, ಆ ನಾಳೆ ಬರೋಷ್ಟರಲ್ಲಿ ಕೂಸಿನ ಹೆಸರಿಡೋ ಕಾರ್ಯನೇ ಮುಗೀತು. ಸಿಟ್ಟು ಬಂದಿತ್ತು ನಿಜ. ಆಮೇಲೆ ಡಿಸೆಂಬರಲ್ಲಿ ಗೋಕಾಕ ಕಡೆ ಒಂದು ಮದುವೆ ಇತ್ತು, ಕೌದಿ ನಾವೇ ತರೋಣ ಅಂತ ಅವ್ವನ್ನ ಕರ್ಕೊಂಡು ಅವರ ಊರಿಗೇ ಹೋದ್ವಿ. ಆಗ ಗೊತ್ತಾಯ್ತು ತಡ ಯಾಕೆ ಅಂತ. ಆ ಟೈಮು ಕಬ್ಬು ಕಡಿಯೋ ಸೀಸನ್. ಸಂಘದಲ್ಲಿ ಅರ್ಧ ಜನ ಗ್ಯಾಂಗ್ ಜೊತೆ ಕಬ್ಬಿನ ಗದ್ದೆಗೆ ಹೋಗಿದ್ರು, ಯಾಕಂದ್ರೆ ಅಲ್ಲಿ ಕೈಗೆ ರೊಕ್ಕ ಸಿಗುತ್ತೆ, ಕೌದಿ ಆರ್ಡರ್ ಮೇಳದ ಟೈಮಲ್ಲಿ ರಾಶಿ ಬಂದು ಆಮೇಲೆ ತಿಂಗಳುಗಟ್ಟಲೆ ಒಂದೂ ಬರಲ್ಲ.

ಅಲ್ಲಿ ಒಂದು ಸಣ್ಣ ಹಾಲ್, ಪಂಚಾಯ್ತಿಯವರು ಬಿಟ್ಟುಕೊಟ್ಟಿದ್ದು. ಗೋಡೆ ಪಕ್ಕ ಸಾಲಾಗಿ ಹೊಲಿಗೆ ಮಷಿನ್, ಮೇಲೆ ಬಟ್ಟೆ ಮುಚ್ಚಿಟ್ಟಿದ್ದಾರೆ, ಒಂದೂ ಓಡ್ತಿಲ್ಲ. ಹೆಂಗಸರು ನೆಲದ ಮೇಲೆ ಕೂತು ಕೈಯಲ್ಲೇ ಹೊಲೀತಿದ್ದಾರೆ. ಸಂಘ ನಡೆಸೋ ಹಿರಿಯಾಕೆನ ಎಲ್ಲರೂ ದೊಡ್ಡವ್ವ ಅಂತಾರೆ, ನಾನೂ ಹಂಗೇ ಕರೆದೆ. ಮಷಿನ್ ಯಾಕೆ ಸುಮ್ನೆ ಇಟ್ಟಿದ್ದೀರಿ ಅಂತ ಕೇಳಿದ್ದಕ್ಕೆ ಅವರಂದ್ರು, "ಮಷಿನ್ ಕೊಟ್ರರೀ ಅಕ್ಕಾರ, ಟ್ರೇನಿಂಗೂ ಕೊಟ್ರು, ಸರ್ಟಿಫಿಕೇಟೂ ಕೊಟ್ರು. ಹೊಲ್ಯಾಕ ಅರಬಿ (ಬಟ್ಟೆ) ಯಾರ ಕೊಡ್ತಾರ ಹೇಳ್ರಿ. ಊರಾಗ ಮೊದಲ ಟೇಲರ್ ಮಂದಿ ಅದಾರ, ಅವರನ್ನ ಬಿಟ್ಟ ನಮ್ಮ ಕಡೆ ಯಾಕ ಬರ್ತಾರ."

ಈ ಮಾತು ನನ್ನ ತಲೇಲಿ ಕೂತುಬಿಟ್ಟಿದೆ. ದೇವದಾಸಿ ಪದ್ಧತಿ ಬಿಡಿಸೋಕೆ ಇಷ್ಟು ವರ್ಷ ಆದ ಕೆಲಸದಲ್ಲಿ ಎಲ್ಲಿ ಕೊರತೆ ಇದೆ ಅನ್ನೋದು ಇದರಲ್ಲೇ ಇದೆ, ಅದಕ್ಕೇ ಕೌದಿ ರಿವ್ಯೂ ಇಷ್ಟು ಉದ್ದ ಆಗ್ತಿರೋದು.

ಆಗಿರೋ ಕೆಲಸ ಕಮ್ಮಿ ಏನಲ್ಲ, ಅದನ್ನ ಒಪ್ಪಲೇಬೇಕು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲಾ ಆಗ ಮುಂಬಯಿ ಪ್ರಾಂತ್ಯದಲ್ಲಿದ್ವು, ದೇವದಾಸಿಯರ ರಕ್ಷಣೆಗೆ ಅಂತ ಅಲ್ಲಿ 1934ರಲ್ಲೇ ಕಾನೂನು ಬಂದಿತ್ತು. ಆಮೇಲೆ ಕರ್ನಾಟಕದ್ದೇ ಕಾನೂನು 1982ರಲ್ಲಿ. ಮುತ್ತು ಕಟ್ಟಿದೋರಿಗೆ ಮೂರು ವರ್ಷದ ತನಕ ಜೈಲು, ಕಟ್ಟಿಸಿದ್ದು ಹೆತ್ತೋರು ಅಥವಾ ಹತ್ರದ ಸಂಬಂಧಿಕರೇ ಆಗಿದ್ರೆ ಎರಡರಿಂದ ಐದು ವರ್ಷ. ಓದೋಕೆ ಬಿಗಿಯಾಗಿತ್ತು. ಆದ್ರೆ ಕೇಸ್ ಆಗಿದ್ದು ಕಮ್ಮಿ, ಶಿಕ್ಷೆ ಆಗಿದ್ದು ಇನ್ನೂ ಕಮ್ಮಿ, ಯಾಕಂದ್ರೆ ಕಂಪ್ಲೇಂಟ್ ಕೊಡಬೇಕಾದ ಹುಡುಗಿ ಹೆತ್ತೋರ ಮೇಲೇ ಕೊಡಬೇಕು. ಮೊದಲು ಎಲ್ಲಮ್ಮನ ಗುಡಿ ಇರೋ ಸವದತ್ತಿ ಗುಡ್ಡದಲ್ಲಿ ಎಲ್ಲರ ಮುಂದೆ ಆಗ್ತಿದ್ದದ್ದು ಕಾನೂನು ಬಂದ ಮೇಲೆ ಮನೆಯೊಳಗೆ, ರಾತ್ರಿ, ಸಣ್ಣ ಗುಡೀಲಿ ಆಗೋಕೆ ಶುರು ಆಯ್ತು.

ಮುತ್ತು ಕಟ್ಟೋದು ಭಕ್ತಿಗೆ ಅಂತ ಹೊರಗಿನೋರು ತಿಳ್ಕೊಂಡಿರ್ತಾರೆ. ದೊಡ್ಡವ್ವ ಹೇಳಿದ್ದು ಬೇರೆ. ಅವರ ಮನೇಲಿ ಗಂಡು ಹುಡುಗ ಇರಲಿಲ್ಲ. ಹೆಣ್ಮಕ್ಕಳನ್ನೆಲ್ಲಾ ಲಗ್ನ ಮಾಡಿ ಕಳಿಸಿದ್ರೆ ಅಪ್ಪ ಅವ್ವನ್ನ ಮುಪ್ಪಿನಲ್ಲಿ ನೋಡೋರು ಯಾರು, ಇದ್ದ ಒಂದು ಪಟ್ಟಿ ಹೊಲ ಯಾರಿಗೆ, ಅದಕ್ಕೆ ಒಬ್ಬಳಿಗೆ ಮುತ್ತು ಕಟ್ಟಿ ಮನೇಲೇ ಇಟ್ಕೊಳ್ಳೋದು. ಅವಳು ಮಗ ಆದ ಹಾಗೆ, ಮನೆ ಅವಳದೇ, ಖರ್ಚೂ ಅವಳದೇ. ಇಂಥ ಮನೆಗಳು ಹೆಚ್ಚಾಗಿ ದಲಿತರ ಕೇರೀಲಿ, ಕೂಲಿ ಬಿಟ್ರೆ ಬೇರೆ ದಾರಿ ಇಲ್ಲದೋರು. ದೊಡ್ಡೋಳಾದ ಮೇಲೆ ಊರಿನ ಯಾರೋ ಒಬ್ಬ ಸಾಹುಕಾರ "ಇಟ್ಕೋತಾನೆ", ಕೆಲವು ವರ್ಷಕ್ಕೆ ಬಿಡ್ತಾನೆ, ಆಗ ಕೈಯಲ್ಲಿ ಎರಡು ಕೂಸು, ಮನೇಲಿ ಅಪ್ಪ ಅವ್ವ. ಅಷ್ಟೊತ್ತಿಗೆ ಸರಿಯಾಗಿ ಮುಂಬೈಲಿ ಕೆಲಸ ಇದೆ ಅಂತ ಒಬ್ಬಾಕೆ ಬರ್ತಾಳೆ, ಗುರುತಿನೋಳೇ, ಪಕ್ಕದ ಊರಿನೋಳೇ. ದಂಧೆ ನಡೆಯೋ ಮುಂಬೈ ಕಾಮಾಟಿಪುರದಲ್ಲಿ, ಪುಣೆ ಬುಧವಾರ ಪೇಟೇಲಿ, ಸಾಂಗಲೀಲಿ ಕನ್ನಡ ಮಾತಾಡೋ ಹೆಣ್ಮಕ್ಕಳು ಅಷ್ಟೊಂದು ಇದ್ದದ್ದು ಈ ದಾರಿಯಿಂದ. ರೈಲು ಹತ್ತಿಸೋಕೆ ಬಂದ ಘರವಾಲಿ (ದಂಧೆ ಮನೆ ನಡೆಸೋಳು) ಕೈಯಲ್ಲಿ ಅಡ್ವಾನ್ಸ್ ದುಡ್ಡಿರುತ್ತೆ, ಅದು ಮನೆಯ ಸಾಲಕ್ಕೆ ಹೋಗುತ್ತೆ, ಆ ಸಾಲ ತೀರಿಸೋದು ಆಕೆಯ ಮೈ. ಹೆಣ್ಮಕ್ಕಳ ಸಾಗಣೆ ಅಂದ್ರೆ ಬಾಯಿಗೆ ಬಟ್ಟೆ ತುರುಕಿ ವ್ಯಾನಲ್ಲಿ ಹಾಕ್ಕೊಂಡು ಹೋಗೋದು ಅಂತಲೇ ಸಿನಿಮಾ ನೋಡಿ ಅಂದ್ಕೊಂಡಿರ್ತೀವಿ, ಇವರ ಕಥೇಲಿ ಎಷ್ಟೋ ಸಲ ಮನೆಯೋರೇ ಬಸ್ ಸ್ಟ್ಯಾಂಡಿಗೆ ಬಂದು ಬಿಟ್ಟಿದ್ದಾರೆ.

ಇದನ್ನ ಮುರಿಯೋಕೆ ನಿಜವಾಗಿ ಕೆಲಸ ಮಾಡಿದ್ದು ಅದೇ ಹೆಣ್ಮಕ್ಕಳು. ತೊಂಬತ್ತರ ದಶಕದ ಶುರುವಿನಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಸೇರಿ ಬೆಳಗಾವಿ ಜಿಲ್ಲೇಲಿ ಪುನರ್ವಸತಿ ಕೆಲಸ ಶುರು ಮಾಡಿದ್ರು, ಅದರೊಳಗಿಂದನೇ 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು, ಮಾಸ್ ಅಂತ ಕರೀತಾರೆ. ಅದನ್ನ ನಡೆಸಿದ ಸೀತವ್ವ ಜೋಡಟ್ಟಿ ಅವರಿಗೂ ಏಳು ವರ್ಷಕ್ಕೇ ಮುತ್ತು ಕಟ್ಟಿದ್ರು, 2018ರಲ್ಲಿ ಪದ್ಮಶ್ರೀ ಬಂತು. ಇವರ ಥರದೋರು ಹಳ್ಳಿ ಹಳ್ಳಿ ತಿರುಗಿ ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸುತ್ತೆ, ಅದು ಜಡೆ ಕತ್ತರಿಸೋದು. ಕೂದಲು ಎಣ್ಣೆ ಬಾಚಣಿಗೆ ಕಾಣದೆ ಗಂಟು ಬಿದ್ರೆ ಜಡೆ ಬಂತು, ಎಲ್ಲಮ್ಮ ಕರೀತಿದ್ದಾಳೆ, ಮುತ್ತು ಕಟ್ಟಲೇಬೇಕು ಅನ್ನೋ ನಂಬಿಕೆ. ಮುತ್ತು ಕಟ್ಟಿಸ್ಕೊಂಡ ಹೆಂಗಸೇ ಬಂದು ಕತ್ತರಿ ಹಿಡಿದು ಜಡೆ ತೆಗೆದು, ಶಾಂಪೂ ಹಾಕಿ ತಲೆ ತೊಳೆದು, ನೋಡು ಏನೂ ಆಗಲಿಲ್ಲ ಅಂದ್ರೆ ಊರು ನಂಬುತ್ತೆ. ಆಫೀಸರ್ ಬಂದು ಭಾಷಣ ಮಾಡಿದ್ರೆ ನಂಬಲ್ಲ. ಈಗಲೂ ಭಾರತ ಹುಣ್ಣಿಮೆ ಜಾತ್ರೆ ಟೈಮಲ್ಲಿ ದೊಡ್ಡವ್ವನ ಸಂಘದೋರು ಇಬ್ಬಿಬ್ಬರು ಗುಡ್ಡಕ್ಕೆ ಹೋಗಿ ನಿಲ್ತಾರಂತೆ, ಸಣ್ಣ ಹುಡುಗಿಗೆ ಹಸಿರು ಬಳೆ, ಹೊಸ ಸೀರೆ ಉಡಿಸಿ ಕರ್ಕೊಂಡು ಬಂದೋರು ಕಂಡ್ರೆ ಮಾತಾಡಿಸ್ತಾರೆ, ಕೇಳದಿದ್ರೆ ಪೊಲೀಸ್ ಚೌಕಿಗೆ ಹೇಳ್ತಾರೆ. ಅದಕ್ಕೆ ಯಾರೂ ಸಂಬಳ ಕೊಡಲ್ಲ.

ಸರ್ಕಾರದ ಕಡೆಯಿಂದ 1993-94ರಲ್ಲಿ ಒಂದು, 2007-08ರಲ್ಲಿ ಒಂದು ಸರ್ವೆ ಆಯ್ತು, ಎರಡೂ ಸೇರಿ 46 ಸಾವಿರಕ್ಕೂ ಮೇಲೆ ಹೆಸರು ಬಂತು. ಆ ಪಟ್ಟೀಲಿ ಇದ್ದೋರಿಗೆ ಪಿಂಚಣಿ, ಮನೆ, ಸಾಲ, ಮಕ್ಕಳ ಮದುವೆಗೆ ಸಹಾಯಧನ. ಪಿಂಚಣಿ ಬಹಳ ಕಾಲ 1,500 ಇದ್ದದ್ದು ಈಗ 2,000 ಆಗಿದೆ. ಪಟ್ಟೀಲಿ ಇಲ್ಲದೋರಿಗೆ ಏನೂ ಸಿಗಲಿಲ್ಲ, ಸರ್ವೆ ಬಂದಾಗ ಪುಣೇಲಿ ಇದ್ದೋರು, ಹೇಳ್ಕೊಳ್ಳೋಕೆ ಹೆದರಿದೋರು, ಇವರೆಲ್ಲಾ ಹೊರಗೇ ಉಳಿದ್ರು. ದೊಡ್ಡವ್ವನ ಹಾಲ್‌ನಲ್ಲೇ ಪಿಂಚಣಿ ಬರೋರು ಒಂದು ಸಾಲು, ಬರದೋರು ಒಂದು ಸಾಲು ಕೂತಿದ್ರು, ಇಬ್ಬರ ಕತೆನೂ ಒಂದೇ.

2025ರಲ್ಲಿ ಹೊಸ ಮಸೂದೆ ಪಾಸಾಯ್ತು. ದೇವದಾಸಿಯರ ಮಕ್ಕಳು ದಾಖಲೆಗಳಲ್ಲಿ ಅಪ್ಪನ ಹೆಸರು ಬರೀಲೇಬೇಕು ಅನ್ನೋ ಒತ್ತಾಯ ಹೋಯ್ತು, ಬೇಕು ಅಂದ್ರೆ ಅಪ್ಪ ಯಾರು ಅಂತ ಕಾನೂನಿನ ಮೂಲಕ ತೀರ್ಮಾನ ಮಾಡಿಸಿ ಆಸ್ತೀಲಿ ಪಾಲು ಕೇಳೋ ದಾರಿನೂ ಆಯ್ತು. ಈ ವಿಷಯ ಹೇಳಿದಾಗ ಹಾಲ್‌ನಲ್ಲಿ ಹೊಲೀತಿದ್ದ ಒಬ್ಬಾಕೆ ಸೂಜಿ ನಿಲ್ಲಿಸಿ ತಲೆ ಎತ್ತಿ ನೋಡಿದ್ಲು, "ಸಾಲ್ಯಾಗ ನನ್ನ ಮಗಾ ಇದೊಂದಕ್ಕ ಅತ್ತಿದ್ದನ್ರಿ" ಅಂದ್ಲು. ಒಳ್ಳೇ ಕಾನೂನು ಅಂದ್ರೆ ಇಂಥದ್ದು, ಶಾಲೆಯ ಅರ್ಜಿ ಫಾರ್ಮ್ ತನಕ ಇಳಿದು ಬರೋದು.

ಇಷ್ಟೆಲ್ಲಾ ಆದ್ರೂ ಬಿಟ್ಟು ಬಂದೋರು ಮತ್ತೆ ಹೋಗಿದ್ದು ಇದೆಯಾ ಅಂತ ಕೇಳಿದೆ. ಇದೆ ಅಂದ್ರು, ಮುಚ್ಚಿಡಲಿಲ್ಲ. "ಬಿಟ್ಟ ಬಾ ಅನ್ನಾಕ ಎಲ್ಲಾರೂ ಬರ್ತಾರ್ರಿ. ಬಂದ ಮ್ಯಾಲ ಸಂತಿ ದಿನ ಕೈಯಾಗ ರೊಕ್ಕ ಯಾರ ಇಡ್ತಾರ ಅನ್ನೂದ ಯಾರೂ ಹೇಳಂಗಿಲ್ಲ." ಪೊಲೀಸರು ದಾಳಿ ಮಾಡಿ ಬಿಡಿಸಿದ ಹುಡುಗೀರ ವಿಷಯದಲ್ಲೂ ಇದೇ ಗೋಳು. 1956ರ ಅನೈತಿಕ ಸಾಗಣೆ ತಡೆ ಕಾಯ್ದೆ ಪ್ರಕಾರ ರಕ್ಷಣಾ ಗೃಹಕ್ಕೆ ಕಳಿಸ್ತಾರೆ, ಮೊದಲು ಸ್ವಾಧಾರ, ಉಜ್ವಲಾ ಅಂತ ಬೇರೆ ಬೇರೆ ಇದ್ದದ್ದು ಈಗ ಶಕ್ತಿ ಸದನ ಅಂತ ಒಂದಾಗಿದೆ, ಅಲ್ಲಿ ಊಟ, ವಸತಿ, ಡಾಕ್ಟರು, ಒಂದಿಷ್ಟು ತರಬೇತಿ. ಗೇಟಿನಿಂದ ಹೊರಗೆ ಬಂದ ಮೇಲೆ ಏನು ಅನ್ನೋದಕ್ಕೆ ಉತ್ತರ ಗಟ್ಟಿ ಇಲ್ಲ. ಹಳೇ ಏಜೆಂಟನ ನಂಬರ್ ಫೋನಲ್ಲಿ ಇರುತ್ತೆ, ಕೆಲಸ ಕೊಡೋರ ನಂಬರ್ ಇರಲ್ಲ.

ಕೊಲ್ಕತ್ತಾದಲ್ಲಿ ದಂಧೆ ನಡೆಯೋ ಸೋನಾಗಾಚೀಲಿ ಫ್ರೀಸೆಟ್ ಅಂತ ಒಂದು ಕಂಪನಿ 2001ರಿಂದ ಸೆಣಬಿನ ಬ್ಯಾಗು, ಟೀ ಶರ್ಟು ಹೊಲಿಸಿ ಹೊರದೇಶಕ್ಕೆ ಮಾರ್ತಾ ಬಂದಿದೆ, ದಂಧೆ ಬಿಡಬೇಕು ಅನ್ನೋ ಹೆಣ್ಮಕ್ಕಳಿಗೆ ಅಲ್ಲೇ ಪಕ್ಕದಲ್ಲೇ ಕೆಲಸ. ಅಲ್ಲಿ ಹೊಲಿದ ಬ್ಯಾಗಿಗೆ ಕೊಳ್ಳೋರು ಇದ್ದಾರೆ. ನಮ್ಮಲ್ಲಿ ಉಲ್ಟಾ ಆಗಿದೆ, ಮಷಿನ್ ಮೊದಲು ಬಂತು, ಕೊಳ್ಳೋರು ಇನ್ನೂ ಬರಬೇಕು.

ನನಗೆ ಅನ್ಸಿದ್ದು ಹೇಳ್ತೀನಿ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆದ ಬಡ ಬಾಣಂತೀರಿಗೆ ಮಡಿಲು ಕಿಟ್ ಅಂತ ಕೊಡೋದು ಶುರು ಮಾಡಿದ್ರಲ್ಲ, ಅದರಲ್ಲಿ ಕೂಸಿಗೆ ಹೊದಿಕೆನೂ ಇತ್ತು. ಅಂಥದ್ದಕ್ಕೆ ಟೆಂಡರ್ ಕರೆದು ದೊಡ್ಡ ಮಿಲ್‌ನಿಂದ ತರಿಸೋ ಬದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆಸ್ಪತ್ರೆಗಳಿಗಾದ್ರೂ ಇಂಥ ಸಂಘಗಳಿಂದ ಕೂಸಿನ ಕೌದಿ ಕೊಂಡ್ರೆ ಆಗಲ್ವಾ. ಪ್ರತಿ ತಿಂಗಳು ಇಷ್ಟು ಅಂತ ಬರೆದು ಕೊಟ್ರೆ ಸಾಕು, ದೊಡ್ಡವ್ವನಂಥೋರು ಯಾರ ಮುಂದೂ ಕೈ ಚಾಚಲ್ಲ, ಕಬ್ಬಿನ ಗ್ಯಾಂಗಿಗೂ ಹೋಗಬೇಕಾಗಿಲ್ಲ. ಹಾಸ್ಟೆಲ್‌ಗಳಿಗೆ ಹಾಸಿಗೆ ಹೊದಿಕೆ ಕೊಳ್ತಾನೇ ಇರ್ತಾರೆ, ಅಲ್ಲೂ ಇದೇ ಮಾತು. ಹೊಸ ಯೋಜನೆ, ಹೊಸ ಹೆಸರು, ಉದ್ಘಾಟನೆ ಏನೂ ಬೇಡ, ಈಗಾಗ್ಲೇ ಕೊಳ್ಳೋದನ್ನ ಇವರ ಹತ್ರ ಕೊಂಡ್ರೆ ಆಯ್ತು. ಬಿಲ್ ಮಾತ್ರ ತಿಂಗಳೊಳಗೆ ಪಾಸ್ ಆಗಬೇಕು. ಇವರ ಹತ್ರ ಮಾಲು ತಗೊಂಡು ಹೋದ ಒಂದು ಅಂಗಡಿ ಬಾಕಿ ಇನ್ನೂ ಕೊಟ್ಟಿಲ್ಲ, ಪುಸ್ತಕದಲ್ಲಿ ಬರೆದಿಟ್ಟಿದ್ದನ್ನ ತೋರಿಸಿದ್ರು, ಅಕ್ಷರ ದುಂಡಗೆ, ಲೆಕ್ಕ ಪೈಸೆ ತನಕ. ಕೈಯಲ್ಲಿ ಬಂಡವಾಳ ಇಲ್ಲದೋರಿಗೆ ಉದ್ರಿ ಅಂದ್ರೆ ಏನು ಅಂತ ಆ ಅಂಗಡಿಯೋರಿಗೆ ಗೊತ್ತಿರಬೇಕಿತ್ತು.

ಒಂದು ವಿಷಯ ನನಗೆ ಇಷ್ಟ ಆಗಲಿಲ್ಲ, ಅದನ್ನೂ ಬರೀತೀನಿ. ಸಂಘದಲ್ಲಿ ಎಲ್ಲರಿಗೂ ಒಂದೇ ಕೂಲಿ. ಸಣ್ಣ ಹೊಲಿಗೆ ಹಾಕೋಳಿಗೂ ದೊಡ್ಡ ಹೊಲಿಗೆ ಹಾಕೋಳಿಗೂ ಅಷ್ಟೇ. ಹಿಂಗಾದ್ರೆ ಚೆನ್ನಾಗಿ ಹೊಲಿಯೋರಿಗೆ ಬೇಸರ ಆಗಲ್ವಾ ಅಂತ ಅವ್ವ ನೇರವಾಗಿ ಕೇಳೇಬಿಟ್ಲು. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ನಿದ್ದು, "ಬ್ಯಾಸರಾ ಆಗ್ತೈತ್ರಿ ಅವ್ವಾರ, ಆದ್ರ ಕೈ ನಡುಗೋರೂ ನಮ್ಮವ್ರ ಅದಾರ" ಅಂದ್ರು. ಅವರಲ್ಲಿ ಎಚ್‌ಐವಿ ಔಷಧಿ ತಗೊಳ್ಳೋರು ಇದ್ದಾರೆ, ವಯಸ್ಸಾದೋರು ಇದ್ದಾರೆ. ಅವರ ಮಾತು ಅರ್ಥ ಆಗುತ್ತೆ, ಆದ್ರೂ ಕೊಳ್ಳೋರಿಗೆ ಯಾವ ಕೌದಿ ಹೆಂಗೆ ಬರುತ್ತೋ ಗೊತ್ತಾಗಲ್ಲ. ನಮ್ಮ ಎರಡು ಕೂಸಿನ ಕೌದೀಲಿ ಒಂದು ಅಚ್ಚುಕಟ್ಟು, ಇನ್ನೊಂದರ ಅಂಚು ಸೊಟ್ಟ. ಸಣ್ಣ ಹೊಲಿಗೆದು ಬೇರೆ ರೇಟು, ಸಾದಾ ಹೊಲಿಗೆದು ಬೇರೆ ರೇಟು ಮಾಡಿ ಅಂತ ಹೇಳಿ ಬಂದಿದ್ದೀವಿ, ಬಂದ ಲಾಭ ಬೇಕಾದ್ರೆ ಸಮ ಹಂಚ್ಕೊಳ್ಳಲಿ.

ಸಂಘದ ಹುಡುಗೀರಲ್ಲಿ ಒಬ್ಬಳು ಬಿ.ಕಾಂ ಓದ್ತಿದ್ದಾಳೆ, ಒಬ್ಬಾಕೆಯ ಮಗಳು. ಫೋನ್ ಪೇ, ಕೊರಿಯರ್, ಫೋಟೊ ಕಳಿಸೋದು ಎಲ್ಲಾ ಅವಳೇ ನೋಡ್ಕೋತಾಳೆ. ಪರೀಕ್ಷೆ ಟೈಮಲ್ಲಿ ಆರ್ಡರ್ ಕೊಟ್ರೆ ಉತ್ತರ ತಡ ಆಗುತ್ತೆ, ಬೈಯಬೇಡಿ, ಓದ್ಲಿ. ಅವಳಿಗೆ ಮುತ್ತು ಕಟ್ಟಿಲ್ಲ. ಅವಳ ವಯಸ್ಸಿನೋರಿಗೆ ಈ ಊರಲ್ಲಿ ಯಾರಿಗೂ ಕಟ್ಟಿಲ್ಲ ಅಂತ ದೊಡ್ಡವ್ವ ಹೇಳಿದ್ರು, ಅದನ್ನ ಹೇಳುವಾಗ ಅವರ ದನಿನೇ ಬೇರೆ ಇತ್ತು. ಆದ್ರೆ ಈಗ ಬೇರೆ ಥರ ಬರ್ತಾರಂತೆ, ಪುಣೇಲಿ ಬ್ಯೂಟಿ ಪಾರ್ಲರ್ ಕೆಲಸ, ವರದಕ್ಷಿಣೆ ಇಲ್ಲದ ಮದುವೆ, ಹೋಟೆಲ್ ಕೆಲಸ ಅಂತ, ಮೊಬೈಲಲ್ಲೇ ಪರಿಚಯ ಮಾಡ್ಕೊಂಡು. ಹಾಲ್ ಗೋಡೆ ಮೇಲೆ 1098, 112, 181 ಅಂತ ಸಹಾಯವಾಣಿ ನಂಬರ್ ದೊಡ್ಡದಾಗಿ ಬರೆದಿದ್ದಾರೆ, ಊರಿನ ಹುಡುಗೀರಿಗೆ ಬಾಯಿಪಾಠ ಮಾಡಿಸಿದ್ದಾರೆ. ಕೆಲಸಕ್ಕೆ ಅಂತ ಯಾವ ಹುಡುಗಿ ಊರು ಬಿಟ್ರೂ ಕರ್ಕೊಂಡು ಹೋಗೋರ ಆಧಾರ್ ಫೋಟೊ ತೆಗೆದಿಟ್ಕೋತಾರೆ. ಫೋಟೊ ಕೇಳಿದ ತಕ್ಷಣ ಎದ್ದು ಹೋದೋರು ಇದ್ದಾರೆ ಅಂದ್ರು.

ಈಗ ಕೊಳ್ಳೋರಿಗೆ ಬೇಕಾದ ವಿಷಯ. ಇವರದ್ದೇ ಆಗಬೇಕು ಅಂತಿಲ್ಲ, ಸರಸ್ ಮೇಳಕ್ಕೋ ಜಿಲ್ಲಾ ಮಟ್ಟದ ಸ್ವಸಹಾಯ ಸಂಘಗಳ ಮೇಳಕ್ಕೋ ಹೋದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳದ ಸ್ಟಾಲ್ ನೋಡಿ, ಕೌದಿ ಹೊಲಿಯೋ ಸಂಘಗಳು ಇರ್ತವೆ. ನೀವು ಯಾರು, ಯಾವ ಜಾತಿ, ಮೊದಲು ಏನು ಮಾಡ್ತಿದ್ರಿ ಅಂತ ಕೇಳಬೇಡಿ, ಕೌದಿ ತಿರುವಿ ಹಿಂದ್ಗಡೆ ನೋಡಿ, ಚೆನ್ನಾಗಿದ್ರೆ ತಗೊಳ್ಳಿ, ಇಲ್ಲಾಂದ್ರೆ ಇಂಥದ್ದು ಸರಿ ಇಲ್ಲ ಅಂತ ಹೇಳಿ ಬನ್ನಿ, ಮುಂದಿನ ಸಲ ಸರಿ ಮಾಡ್ಕೋತಾರೆ. ಮೇಳದಲ್ಲಿ ಒಂದು ತಗೊಂಡು ಫೋಟೊ ಹಾಕಿ ಮರೆಯೋ ಬದಲು ಫೋನ್ ನಂಬರ್ ಇಸ್ಕೊಂಡು ಮಳೆಗಾಲದಲ್ಲಿ ಆರ್ಡರ್ ಕೊಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಅವರ ಕೈ ಖಾಲಿ ಇರುತ್ತೆ, ದೀಪಾವಳಿ ಹೊತ್ತಿಗೆ ನಿಮ್ಮ ಕೈಗೆ ಬರುತ್ತೆ, ಚಳಿಗಾಲಕ್ಕೆ ಸರಿ ಹೋಗುತ್ತೆ. ಅರ್ಧ ದುಡ್ಡು ಮುಂಗಡ ಕೊಡಿ. ಮನೇಲಿ ಅಜ್ಜಿದೋ ಅವ್ವಂದೋ ಹಳೇ ಸೀರೆ ಇದ್ರೆ ಕೊಟ್ಟು ಅದರದ್ದೇ ಹೊಲಿಸ್ಕೋಬಹುದು, ರೇಟು ಸ್ವಲ್ಪ ಕಮ್ಮಿ ಆಗುತ್ತೆ, ದೊಡ್ಡ ಸೈಜಿಗೆ ಏಳೆಂಟು ಸೀರೆ ಬೇಕು, ಕಾಟನ್ನೇ ಕೊಡಿ, ಪಾಲಿಯೆಸ್ಟರ್ ಬೇಡ, ಪದರ ಜಾರುತ್ತೆ, ಹೊಲಿಗೆ ನಿಲ್ಲಲ್ಲ. ನಾವು ಈ ಸಲ ಅವ್ವನ ಸೀರೆಗಳನ್ನ ಕೊಟ್ಟು ಬಂದಿದ್ದೀವಿ, ಎರಡು ಸಿಂಗಲ್ ಸೈಜ್, ಸಣ್ಣ ಹೊಲಿಗೆ, ನೀಲಿ ಅಂಚು ಅಂತ ಪುಸ್ತಕದಲ್ಲಿ ಬರೆಸಿದ್ದೀವಿ.